ಉಸ್ತಾದರ ಆರು ಹಣ್ಣು

ಉಸ್ತಾದರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೂರು ದಿನ ತಡವಾಗಿ. ಅವರ ಅಂಗಡಿಯ ಪಕ್ಕದಲ್ಲಿ ಸೈಕಲ್ ರಿಪೇರಿ ಮಾಡುವ ಮುದುಕ ಎಲ್ಲಿಂದಲೋ ನನ್ನ ನಂಬರು ಹುಡುಕಿ ಫೋನು ಮಾಡಿದ್ದ. "ಮಣ್ಣು ಕೊಟ್ಟು ಬಂದ್ವಿರಿ ಸಾಹೇಬ್ರ. ನಿಮಗ ತಿಳಿಸಬೇಕಿತ್ತಂತ ಆಮ್ಯಾಲ ನೆನಪಾತು" ಎಂದ. ತಪ್ಪು ಅವನದಲ್ಲ. ಉಸ್ತಾದರಿಗೆ ಮಕ್ಕಳಿರಲಿಲ್ಲ, ಹೆಂಡತಿ ಹೋಗಿ ನಾಲ್ಕು ವರ್ಷವಾಗಿತ್ತು. ಯಾರು ಯಾರಿಗೆ ಹೇಳಬೇಕು ಎಂಬುದನ್ನು ಬಲ್ಲವರು ಆ ಮನೆಯಲ್ಲಿ ಉಳಿದಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ದಾಂಡೇಲಿಯಲ್ಲೇ ಅನೇಕರಿಗೆ ಗುರುತು ಹತ್ತಲಿಕ್ಕಿಲ್ಲ. ಎಲ್ಲರಿಗೂ ಅವರು ಉಸ್ತಾದ್. ನಮ್ಮ ಕಡೆ ಎಂಜಿನ್ ಬಿಚ್ಚುವವನಿಗೂ ಉಸ್ತಾದ್ ಎನ್ನುತ್ತಾರೆ, ಗಾದಿಯ ಮೇಲೆ ಕೂತು ಹಾಡುವವರಿಗೂ ಉಸ್ತಾದ್ ಎನ್ನುತ್ತಾರೆ. ಯಾರಾದರೂ ಗೌರವದಿಂದ ಹಾಗೆ ಕರೆದರೆ ಅವರು ನಕ್ಕು, "ನಾ ಮೊದಲನೇ ಜಾತಿಯಂವ ರೀ, ಗ್ರೀಸಿನ ಉಸ್ತಾದ್" ಎನ್ನುತ್ತಿದ್ದರು. ಸುಟ್ಟುಹೋದ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಮದುವೆಯ ಹಂಗಾಮಿನಲ್ಲಿ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು.

ನಾನು ಅಂಬಿಕಾನಗರದ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದವನು. ಬಿಡುವಿನಲ್ಲಿ ತಬಲಾ ಬಾರಿಸುವ ಚಟ. ಕಾಲೊನಿಯ ನೀರಿನ ಪಂಪಿನ ಮೋಟರು ಸುಟ್ಟಾಗ ಅದನ್ನು ನೋಡಲು ಬಂದವರು ಅವರು. ತೆಳ್ಳಗೆ, ಉದ್ದಕ್ಕೆ ಇದ್ದರು. ಬೆರಳ ತುದಿಗಳೆಲ್ಲ ವಾರ್ನಿಷ್ ಹತ್ತಿ ಹಳದಿಯಾಗಿದ್ದವು. ಮೀಟರು ಹಚ್ಚುವ ಮೊದಲು ಮೋಟರಿನ ಬಾಯಿಗೆ ಮೂಗು ಒಡ್ಡಿ, "ಸುಟ್ಟ ವಾಸನಿ ಸುಳ್ಳು ಹೇಳೂದಿಲ್ಲರಿ. ಇದು ಪೂರಾ ಹೋಗೇತಿ" ಎಂದರು. ಚಹಾ ಕುಡಿಯಲು ನನ್ನ ಕ್ವಾರ್ಟರ್ಸಿಗೆ ಬಂದಾಗ ಮೂಲೆಯಲ್ಲಿದ್ದ ತಬಲಾವನ್ನೊಮ್ಮೆ ಬೆರಳಿನಿಂದ ತಟ್ಟಿದರು. ತಲೆಯೆತ್ತಿ ತಿರುಗುತ್ತಿದ್ದ ಫ್ಯಾನು ನೋಡಿದರು.

"ಫ್ಯಾನು ಪೇಟಿ ಕರಿ ನಾಲ್ಕಕ್ಕ ಒಂಚೂರು ಕೆಳಗ ಗುಂಯ್‌ಗುಡಾಕತ್ತೈತಿ. ನಿಮ್ಮ ತಬಲಾನೂ ಅಲ್ಲೇ ಐತಿ. ತಿಳದು ಕೂಡಿಸೀರೋ, ತಿಳೀಲಾರದ?"

ತಿಳಿಯದೆಯೇ ಕೂಡಿಸಿದ್ದೆ. ಹದಿನೈದು ವರ್ಷ ಅದೇ ಫ್ಯಾನಿನ ಕೆಳಗೆ ಕೂತು ಬಾರಿಸಿದ್ದೆ, ನನ್ನ ಕಿವಿ ಅದರ ಸುರಕ್ಕೆ ಒಗ್ಗಿಹೋಗಿತ್ತು. ನಾಚಿಕೆಯಾಯಿತು. ಅವರು ಮಾತ್ರ, "ನಾಚಗೋಬ್ಯಾಡ್ರಿ. ನಿಮ್ಮ ಪವರ್ ಹೌಸಿಂದ ಹಿಡಿದು ನನ್ನ ಅಂಗಡಿ ಮೋಟರ್ ತನಕ ಎಲ್ಲಾ ಅದ ಸುರದಾಗ ಅಳತಾವು" ಎಂದರು. ಮುಂದಿನ ವಾರ ಮೋಟರಿನ ಜೊತೆಗೆ ಕ್ಲಾರಿಯೊನೆಟ್ಟಿನ ಪೆಟ್ಟಿಗೆಯನ್ನೂ ತಂದರು. ಹೀಗೆ ಶುರುವಾದ ಗೆಳೆತನ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಯಿತು.

ತಂತಿ ಸುತ್ತುವಾಗ ಅವರು ಸುತ್ತು ಎಣಿಸುತ್ತಿದ್ದರು. ಆಗ ಅಂಗಡಿಗೆ ಯಾರೇ ಬರಲಿ, ಎಡಗೈಯ ಒಂದು ಬೆರಳು ಮೇಲೆ ಏಳುತ್ತಿತ್ತು, ಸುಮ್ಮನಿರಿ ಎಂದು. ಒಮ್ಮೆ ಪೊಲೀಸ್ ಇಲಾಖೆಯ ಒಬ್ಬ ಅಧಿಕಾರಿ ಬಂದು ನಿಂತಾಗಲೂ ಬೆರಳು ಎದ್ದಿತು. ಆತ ಹತ್ತು ನಿಮಿಷ ನಿಂತೇ ಇದ್ದ. ಎಣಿಕೆ ಮುಗಿದ ಮೇಲೆ ಉಸ್ತಾದರು ಸ್ಟೂಲು ಒರೆಸಿ ಕೊಟ್ಟು, "ಒಂದ ಸುತ್ತು ತಪ್ಪಿದ್ರ ಮೋಟರ ತಿರಗತೈತ್ರಿ, ಆದ್ರ ಬಿಸಿ ಆಗಿ ಆಗಿ ಸಾಯತೈತಿ. ಹಂಗ ಸಾಯೂದು ಭಾಳ ಕೆಟ್ಟದ್ದು" ಎಂದು ಸಮಾಧಾನ ಹೇಳಿದರು.

ಪಾಳಾ ಎಂಬ ಊರಿನ ಒಂದು ಮದುವೆಯ ಮೆರವಣಿಗೆಯ ಕತೆಯನ್ನು ಅವರ ಬ್ಯಾಂಡಿನವರು ಬಹಳ ದಿನ ಹೇಳಿಕೊಂಡು ತಿರುಗಿದರು. ಬ್ಯಾಂಡು ಸಿನಿಮಾ ಹಾಡು ಬಾರಿಸುತ್ತ ಹೋಗುವಾಗ ಎದುರಿನಿಂದ ಹೆಣ ಬಂತು. ಹೊತ್ತವರು ನಾಲ್ಕೇ ಜನ, ಹಿಂದೆ ಒಬ್ಬ ಹೆಂಗಸು. ಬ್ಯಾಂಡಿನ ಯಜಮಾನ ಇನ್ನೂ ಜೋರಾಗಿ ಬಾರಿಸಿರಿ, ಅಪಶಕುನ ಕೇಳಿಸಬಾರದು ಎಂದ. ಉಸ್ತಾದರು ಹಾಡು ನಿಲ್ಲಿಸಿದರು. ಹೆಣ ದಾಟಿಹೋಗುವವರೆಗೆ ಕ್ಲಾರಿಯೊನೆಟ್ಟಿನಲ್ಲಿ ಒಂದೇ ಒಂದು ಸ್ವರ ಹಿಡಿದು ನಿಂತರು. ಗಂಡಿನ ಕಡೆಯವರು ಜಗಳಕ್ಕೆ ಬಂದರು. ಆ ಹಂಗಾಮಿನಲ್ಲಿ ಅವರನ್ನು ಮತ್ತೆ ಯಾವ ಮದುವೆಗೂ ಕರೆಯಲಿಲ್ಲ. ನಾನು ಕೇಳಿದ್ದಕ್ಕೆ, "ಆಕಿ ಒಬ್ಬಾಕಿನ ಅಳಕೋತ ಹೊಂಟಿದ್ಲು. ಸಾತ್ ಕೊಡೋರು ಯಾರರ ಬೇಕಲ್ರಿ?" ಎಂದಷ್ಟೇ ಹೇಳಿದರು.

ಅವರ ಹೆಂಡತಿಯ ಬಗ್ಗೆ ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಆಕೆ ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಸಿದ್ದಿ ಮುಸ್ಲಿಮರ ಮನೆಯವರು. ದಾಂಡೇಲಿಯ ಬಸ್ ನಿಲ್ದಾಣದ ಹತ್ತಿರ ಹಣ್ಣು ಮಾರುತ್ತಿದ್ದರು. ಜೊಯಿಡಾ ಕಡೆಯ ಹೆಂಗಸರು ಬೆಳಗಿನ ಬಸ್ಸಿಗೆ ಬುಟ್ಟಿಗಳಲ್ಲಿ ತರುತ್ತಿದ್ದ ಕವಳಿ, ಮುರುಗಲು, ನೇರಳೆ ಎಲ್ಲ ಅವರ ಮುಂದೆಯೇ ಇಳಿಯುತ್ತಿದ್ದವು. ಹಲಸನ್ನು ಬೆರಳ ಗಿಣ್ಣಿನಿಂದ ಬಡಿದು ಕಿವಿಗೊಟ್ಟು, "ನಾಳಿಗೆ ಬರ್ರಿ, ಇದಿನ್ನೂ ಮಾತಾಡವಲ್ದು" ಎಂದು ಗಿರಾಕಿಯನ್ನು ವಾಪಸು ಕಳಿಸುವ ಗಟ್ಟಿಗಿತ್ತಿ. ಉಸ್ತಾದರು ಅವರ ಮೇಲೆ ಮನಸ್ಸು ಮಾಡಿದ್ದೇ ಈ ಬಡಿತ ಕೇಳಿ. ಸಿದ್ದಿಯವರ ಹುಡುಗಿ ಎಂದು ಉಸ್ತಾದರ ಅಣ್ಣಂದಿರು ಇಬ್ಬರೂ ನಿಕಾಹಕ್ಕೆ ಬರಲಿಲ್ಲ. ಆಮೇಲೂ ಆ ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ.

ಗಂಡನ ವಾದ್ಯದ ಬಗ್ಗೆ ಆಕೆಗೆ ಅಂಥ ಭಕ್ತಿಯೇನೂ ಇರಲಿಲ್ಲ. "ಅಣ್ಣಾರ, ನೀವರ ಹೇಳ್ರಿ. ಇವರ ಪೀಪಿ ಕೇಳಿ ಬಾಳಿಹಣ್ಣ ಲಗೂನ ಹಣ್ಣಾಗಾಕತ್ತಾವು" ಎಂದು ನನ್ನನ್ನು ಎಳೆಯುತ್ತಿದ್ದರು. ಆದರೆ ತಪ್ಪು ನುಡಿಸಿದರೆ ಒಳಗಿನಿಂದ ಆಕೆಯ ಕೆಮ್ಮು ಕೇಳುತ್ತಿತ್ತು. ಆ ಕೆಮ್ಮು ಒಮ್ಮೆಯೂ ಸುಳ್ಳಾಗಿದ್ದು ನಾನು ಕಾಣೆ.

ಒಂದು ದಸರೆಯ ಆಚೆ ಈಚೆ ಆ ಕೆಮ್ಮು ಬೇರೆ ಥರ ಆಯಿತು. ಮೊದಲು ರೊಟ್ಟಿ ಇಳಿಯಲಿಲ್ಲ. ಆಮೇಲೆ ಅನ್ನ. ಹುಬ್ಬಳ್ಳಿಯಲ್ಲಿ ಗಂಟಲೊಳಗೆ ನೋಡಿ ಕ್ಯಾನ್ಸರ್ ಎಂದರು. ಚಳಿಗಾಲವೆಲ್ಲ ವಾರಕ್ಕೆ ಐದು ದಿನ ಹುಬ್ಬಳ್ಳಿಯಲ್ಲೇ ಉಳಿದು ಆಕೆಗೆ ರೇಡಿಯೇಷನ್ ಕೊಡಿಸಿದರು. ಅದಕ್ಕೆ ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುತ್ತಾರೆ. ಉಸ್ತಾದರು ಒಂದು ದಿನ ನನ್ನೆದುರು ಕೂತು, "ಜಿಂದಗಿಪೂರಾ ಕರೆಂಟಿನಾಗ ಸುಟ್ಟದ್ದನ್ನ ರಿಪೇರಿ ಮಾಡೇನ್ರಿ. ಈಗ ರಿಪೇರಿ ಸಲುವಾಗಿ ಕರೆಂಟ್ ಕೊಡಾಕತ್ತಾರ" ಎಂದರು.  

ಮನೆಗೆ ವಾಪಸು ಬಂದಾಗ ಆಕೆಯ ಹೊಟ್ಟೆಗೆ ಒಂದು ನಳಿಗೆ ಇತ್ತು. ಗಂಜಿ, ಹಾಲು, ನೀರು ಎಲ್ಲ ಅದರೊಳಗೆ. ಬಾಯಿಯಿಂದ ಏನೂ ಹೋಗುವಂತಿರಲಿಲ್ಲ. ಕರೆಂಟಿನಿಂದ ನಾಲಗೆ ಒಣಗಿ ರುಚಿಯೂ ಸತ್ತಿತ್ತು. ಏನನ್ನು ಇಟ್ಟರೂ ಮಣ್ಣು ಇಟ್ಟ ಹಾಗೆ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಹಣ್ಣಿನ ನಡುವೆಯೇ ಬೆಳೆದ ಹೆಂಗಸು. ವಾಸನೆ ಹಿಡಿಯುವ ಮೂಗೊಂದು ಸ್ವಲ್ಪ ಉಳಿದಿತ್ತು.

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ನಾನು ಹೋದಾಗ ಆಕೆ ಗೋಡೆಗೆ ಒರಗಿ ಕೂತು ಮಾವಿನ ಹಣ್ಣೊಂದನ್ನು ಮೂಗಿಗೆ ಹಿಡಿದಿದ್ದರು. ಉಸ್ತಾದರು ಪಕ್ಕದಲ್ಲಿ ಕೂತಿದ್ದರು.

"ವಾಸನಿ ಬರತೈತೇನು?"

"ಬರತೈತಿ." ದನಿ ಬರೀ ಉಸಿರು. "ರುಚಿ ಹೆಂಗಿತ್ತಂತ ನೆನಪಾಗವಲ್ದು." ಹಣ್ಣನ್ನು ಮಡಿಲಿಗೆ ಇಳಿಸಿ, "ನಿಮ್ಮ ಪೀಪಿ ತಗೀರಿ. ಊದಿ ನೆನಪ ಮಾಡ್ರಿ" ಎಂದರು.

"ಮಾವಿನ ಹಣ್ಣ ಹೆಂಗ ಊದೂದು?"

"ಊರಾನ ಮದವಿ ಎಲ್ಲಾ ಊದೀರಿ. ಮನ್ಯಾಗಿನ ಒಂದ ಹಣ್ಣ ಊದಾಕ ಬರೂದಿಲ್ಲೇನು?"

ಅವರು ಊದಿದರು. ನನಗೆ ಬಹಳ ಇಂಪಾಗಿ ಕೇಳಿಸಿತು. ಆಕೆ ಕಣ್ಣು ಮುಚ್ಚಿ ಕೇಳಿ ತಲೆ ಅಲ್ಲಾಡಿಸಿದರು. "ಇದು ಸಕ್ಕರಿ. ಬರೇ ಸಕ್ಕರಿ. ತೊಟ್ಟಿನ ಬಾಜೂಕ ಒಂಚೂರು ಹುಳಿ ಇರತೈತಿ. ಅದು ಇಲ್ದಿದ್ರ ಮಾವಲ್ಲ."

ಮಾವಿಗೆ ಎಂಟು ದಿನ ಹಿಡಿಯಿತು. ಎಂಟನೆಯ ದಿನ ಉಸ್ತಾದರು ತುಂಬುಸ್ವರಗಳ ನಡುವೆ ಎಲ್ಲೋ ಒಂದು ಕಡೆ ಮೊನಚಾದ ಸ್ವರವೊಂದನ್ನು ತಾಗಿಸಿ ಬಿಟ್ಟರು. ಆಕೆಯ ಕೆನ್ನೆ ಒಳಕ್ಕೆ ಹೋಯಿತು, ನಿಜವಾಗಿ ಹುಳಿ ತಿಂದವರ ಹಾಗೆ. "ಹೂಂ. ಇದು" ಎಂದರು. ನಾನು ಆ ಮನೆಯಲ್ಲಿ ನಗು ಕೇಳಿ ಆರು ತಿಂಗಳಾಗಿತ್ತು. ಅವತ್ತು ಮೂವರೂ ನಕ್ಕೆವು.

ಅಲ್ಲಿಂದ ಅದೊಂದು ಕೆಲಸವಾಯಿತು. ಹಂಗಾಮು ಬದಲಾದಂತೆ ಹಣ್ಣು ಬಂದವು. ಉಸ್ತಾದರು ಸಂತೆಯಿಂದ ತಂದು ಆಕೆಯ ಕೈಗೆ ಕೊಡುವುದು, ಆಕೆ ಮೂಸಿ, ಹಿಚುಕಿ, ನೆನಪು ಮಾಡಿ ಹೇಳುವುದು, ಅವರು ನುಡಿಸುವುದು, ಆಕೆ ಅಲ್ಲ ಎನ್ನುವುದು. ನಾನು ವಾರಕ್ಕೆ ಎರಡು ಸಲ ಅಂಬಿಕಾನಗರದಿಂದ ತಬಲಾ ಕಟ್ಟಿಕೊಂಡು ಹೋಗುತ್ತಿದ್ದೆ.

ಗೇರುಹಣ್ಣಿನಲ್ಲಿ ಜಗಳವಾಯಿತು. "ಮೊದಲ ಬಾಯಿತುಂಬ ರಸಾ. ಆಮ್ಯಾಲ ಗಂಟಲ ಹಿಡೀತೈತಿ" ಎಂದು ಆಕೆ ಹೇಳಿದ್ದರು. ಉಸ್ತಾದರು ರಸವನ್ನು ನುಡಿಸಿದರು, ಗಂಟಲು ಹಿಡಿಯುವುದನ್ನು ಬಿಟ್ಟರು. ಮೂರು ಸಲ ಹೇಳಿದರೂ ಬಿಟ್ಟರು. ಆಕೆ ಕೈಯಲ್ಲಿದ್ದ ಹಣ್ಣನ್ನು ನೆಲಕ್ಕೆ ಎಸೆದರು.

"ನನ್ನ ರೋಗಕ್ಕ ಹೆದರಿ ಹಣ್ಣಿನ ಗುಣಾ ತಗೀತೀರೇನು? ಗಂಟಲ ಹಿಡಿಯೂದು ಗೇರಿನ ಗುಣಾ. ನಂದು ಬ್ಯಾರೆ. ಎರಡೂ ಕೂಡಸಬ್ಯಾಡ್ರಿ."

ಉಸ್ತಾದರು ಎದ್ದು ಅಂಗಳಕ್ಕೆ ಹೋದರು. ನಾನು ಹಿಂದೆ ಹೋದೆ.  "ಆಕಿ ಮುಂದ ಕುಂತು ಗಂಟಲ ಹಿಡಿದಂಗ ಹೆಂಗ ಊದ್ಲಿರಿ ಸಾಹೇಬ್ರ?" ಎಂದರು. ಆದರೆ ಎರಡು ದಿನದಲ್ಲಿ ನುಡಿಸಿದರು. ಇಳಿದು ಬರುವ ಸ್ವರಗಳ ನಡುವೆ ನಾಲಗೆಯಿಂದ ರೀಡನ್ನು ಒತ್ತಿ ಉಸಿರು ಕಟ್ಟಿಸುತ್ತಿದ್ದರು. ಸ್ವರ ಉಸಿರುಗಟ್ಟಿ ನಿಂತು, ಆಮೇಲೆ ಗೊಗ್ಗರಾಗಿ ಹೊರಬರುತ್ತಿತ್ತು. ಅಲ್ಲಿ ನನ್ನ ತಬಲಾವೂ ಒಂದು ಮಾತ್ರೆ ಸುಮ್ಮನಿರಬೇಕಿತ್ತು. ಕೇಳಲು ಕಷ್ಟವಾಗುವಂಥ ಜಾಗ ಅದು. ಆಕೆ ಮಾತ್ರ ತೃಪ್ತಿಯಿಂದ ತಲೆದೂಗಿದರು.

ಆಮೇಲೆ ಕವಳಿ, ತುಟಿಗೆ ಹಾಲು ಅಂಟಿಸಿ ಹೋಗುವ ಸಣ್ಣ ಸಣ್ಣ ಸ್ವರಗಳು. ಮುರುಗಲು. ಹಲಸು, ಅದಕ್ಕೆ ಅಂಗಡಿಯ ಒಂದು ಮೋಟರನ್ನೇ ಮನೆಗೆ ಹೊತ್ತು ತಂದು ತಂಬೂರಿಯ ಹಾಗೆ ಗುಂಯ್ ಎನ್ನಿಸಿ ಅದರ ಮೇಲೆ ನುಡಿಸಿದರು. "ಹಲಸಿನ ಹಣ್ಣ ತಿನ್ನೂ ಮುಂದ ಮನಿ ಎಲ್ಲಾ ತುಂಬತೈತ್ರಿ, ಒಬ್ಬನ ಬಾಯಿ ಅಲ್ಲ" ಎಂದು ಅದಕ್ಕೆ ಕಾರಣ ಹೇಳಿದರು. ನಾನೊಮ್ಮೆ, ಇದೆಲ್ಲ ಯಾವ ರಾಗದಲ್ಲಿ ಕೂರುತ್ತದೆ ಎಂದು ಕೇಳಿದ್ದೆ. "ಹಣ್ಣಿಗೆ ರಾಗ ಇರೂದಿಲ್ಲರಿ, ಹಂಗಾಮ ಇರತೈತಿ" ಎಂದರು.

ಈ ನಡುವೆ ಹಳಿಯಾಳದಲ್ಲಿ ಸಂಗೀತದ ಆಸಕ್ತರು ಕೆಲವರು ಕೂಡಿ ಹೊಸ ರಚನೆಗಳ ಒಂದು ಕಾರ್ಯಕ್ರಮ ಇಟ್ಟುಕೊಳ್ಳುವವರಿದ್ದರು. ನಾನು ಅವರಿಗೆ ಹೇಳಿದೆ. ಅವರು ಒಪ್ಪಿದರು, ಮಳೆಗಾಲ ಮುಗಿದ ಮೇಲೆ ಎಂದರು. ಆಕೆಗೆ ತಿಳಿಸಿದಾಗ, "ಹಂಗಾದ್ರ ಲಗೂನ ಮುಗಸ್ರಿ. ನೇರಳಿ ಒಂದ ಉಳದೈತಿ" ಎಂದರು. ಆಗ ಆಕೆಯ ಮಾತು ನಿಲ್ಲುತ್ತ ಬಂದಿತ್ತು. ಮಂಚದ ಕಟ್ಟಿಗೆಯ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರೆ ಸರಿ, ಎರಡು ಸಲ ತಟ್ಟಿದರೆ ತಪ್ಪು. ಮೈ ಎಷ್ಟು ಇಳಿದಿತ್ತೆಂದರೆ, ಮಂಚದಲ್ಲಿ ಮಲಗಿದ್ದಾರೋ ಹೊದಿಕೆ ಮಾತ್ರ ಇದೆಯೋ ಎಂದು ಬಾಗಿಲಲ್ಲಿ ನಿಂತವರಿಗೆ ಅನುಮಾನವಾಗುತ್ತಿತ್ತು.

ನೇರಳೆಗೆ ನಾಲ್ಕು ವಾರ ಹಿಡಿಯಿತು. ಜೂನ್ ಪೂರ್ತಿ ಮಳೆ. ಪ್ರತಿ ಸಲವೂ ಉಸ್ತಾದರು ನುಡಿಸುವುದು, ಆಕೆ ಎರಡು ಸಲ ತಟ್ಟುವುದು. ನನಗೆ ಆಶ್ಚರ್ಯ. ಹಲಸನ್ನು ಹತ್ತು ದಿನದಲ್ಲಿ ಹಿಡಿದವರು ಇಷ್ಟು ಸಣ್ಣ ಹಣ್ಣಿನಲ್ಲಿ ಸಿಕ್ಕಿಹಾಕಿಕೊಳ್ಳುವುದೇ? ಅದೂ ಒಮ್ಮೆ ಸರಿಯಾದದ್ದು ಮರುದಿನ ಕೆಡುತ್ತಿತ್ತು. ಮೊದಲ ಸಾಲು ಕೂಡಿದರೆ ಎರಡನೆಯದು ತಪ್ಪುತ್ತಿತ್ತು. ವಯಸ್ಸಾಯಿತು, ದಣಿದಿದ್ದಾರೆ ಎಂದುಕೊಂಡೆ.

ಕಂಡುಹಿಡಿದವರು ಆಕೆ. ಜುಲೈ ಮೊದಲ ವಾರದ ಒಂದು ಸಂಜೆ, ಉಸ್ತಾದರು ನುಡಿಸಿ ವಾದ್ಯ ಕೆಳಗಿಟ್ಟು ಆಕೆಯ ಬೆರಳನ್ನೇ ನೋಡುತ್ತ ಕೂತಿದ್ದರು. ಆಕೆ ತಟ್ಟಲಿಲ್ಲ. ಹತ್ತಿರ ಬರುವಂತೆ ಕಣ್ಣಿನಲ್ಲೇ ಕರೆದರು. ಅವರು ಬಗ್ಗಿ ಕಿವಿ ಒಡ್ಡಿದರು. ಕೋಣೆ ಸಣ್ಣದು, ನಾನು ತಬಲಾದ ಹಿಂದೆ ಕೂತಿದ್ದೆ. ಅವರು ಮನೆಯಲ್ಲಿ ಇಬ್ಬರೇ ಇದ್ದಾಗ ಉರ್ದು, ನಾನಿದ್ದರೆ ಕನ್ನಡ. ಅವತ್ತೂ ಆಕೆ ಕನ್ನಡದಲ್ಲೇ ಹೇಳಿದರು, ನನಗೂ ಕೇಳಲಿ ಎಂದೋ ಏನೋ.

"ಬೇಕಂತ ತಪ್ಪ ಊದಾಕತ್ತೀರಿ."

ಅವರು ಇಲ್ಲ ಎನ್ನಲಿಲ್ಲ.

"ಇದು ಮುಗದ್ರ ನಾ ಹೋಗ್ತೇನಿ ಅಂತ ತಿಳಕೊಂಡೀರೇನು?"

 ಅವರು ಆಕೆಯ ಹೊದಿಕೆಯ ಅಂಚು ಹಿಡಿದು ಕೂತಿದ್ದರು. ಆಕೆ ಬಹಳ ಹೊತ್ತು ಉಸಿರು ಕೂಡಿಸಿಕೊಂಡರು.

"ನನಗ ಸಾಕಾಗೈತ್ರಿ. ತಪ್ಪ ಅಂತ ಬಡಿದು ಬಡಿದು ಬೆರಳೂ ಸಾಕಾಗೈತಿ. ನಿಮಗ ಬರತೈತಿ. ಸರಿ ಊದ್ರಿ."

ಉಸ್ತಾದರು ನನ್ನ ಕಡೆ ನೋಡಿದರು. ಆ ಮುಖ ನನಗೆ ಮರೆಯುವುದಿಲ್ಲ. ನಾನು ತಬಲಾದ ಮೇಲೆ ಕೈ ಇಟ್ಟೆ. ನಾನು ಮಾಡಬಹುದಾದದ್ದು ಅದೊಂದೇ ಆಗಿತ್ತು. ಅವರು ರೀಡನ್ನು ನಾಲಗೆಯಿಂದ ಒದ್ದೆ ಮಾಡಿ ಎತ್ತಿಕೊಂಡರು, ನುಡಿಸಿದರು. ನೇರಳೆ ಬಂತು. ಮೊದಲ ಕಡಿತದ ಸಿಹಿ, ನಾಲಗೆ ದಪ್ಪಗಾಗಿಸುವ ಒಗರು, ಬೀಜದ ಹತ್ತಿರದ ತಣ್ಣನೆಯ ಹುಳಿ. ನಾಲ್ಕು ನಿಮಿಷ ಇದ್ದಿರಬಹುದು. ಅಷ್ಟು ದಿನ ಅದನ್ನು ಪೂರ್ತಿಯಾಗಿ ಒಳಗೇ ಇಟ್ಟುಕೊಂಡಿದ್ದರೆಂಬುದು ಕೇಳಿದ ಯಾರಿಗಾದರೂ ಗೊತ್ತಾಗುತ್ತಿತ್ತು.

ಆಕೆ ಒಂದು ಸಲ ತಟ್ಟಿದರು. ಆಮೇಲೆ ಬುಟ್ಟಿಯ ಕಡೆ ಕೈ ಮಾಡಿದರು. ಉಸ್ತಾದರು ಒಂದು ನೇರಳೆ ಹಣ್ಣನ್ನು ಸೀಳಿ ಆಕೆಯ ನಾಲಗೆಯ ಮೇಲೆ ಹಚ್ಚಿದರು. ರುಚಿ ಹತ್ತಿತೋ ಇಲ್ಲವೋ ನಾನು ಕೇಳಲಿಲ್ಲ.

ಆರನೆಯ ದಿನ ಆಕೆ ಹೋದರು. ಕೊನೆಯ ದಿನದವರೆಗೂ ನೇರಳೆ ಹಚ್ಚಿಸಿಕೊಂಡರಂತೆ. ಮೈ ತೊಳೆಯಲು ಬಂದ ಹೆಂಗಸರು ನಾಲಗೆ ನೀಲಿಯಾದದ್ದು ಕಂಡು ಗಾಬರಿಯಾಗಿ, ಏನಾದರೂ ಕುಡಿಸಿದ್ದಾರೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆ ಮಾತು ಹೊರಗೆ ಗಂಡಸರ ತನಕ ಬಂತು. ಉಸ್ತಾದರು ಎಲ್ಲರೆದುರು ಬುಟ್ಟಿಯಲ್ಲಿ ಉಳಿದ ಹಣ್ಣು ತಂದು ಒಂದನ್ನು ತಿಂದು ನಾಲಗೆ ಚಾಚಿ ತೋರಿಸಬೇಕಾಯಿತು. ಹೆಂಡತಿಯ ಮಯ್ಯತ್ತು ಒಳಗಿರುವಾಗ ಅಂಗಳದಲ್ಲಿ ನಾಲಗೆ ಚಾಚಿ ನಿಂತ ಅವರನ್ನು ನೋಡಲಾಗದೆ ನಾನು ತಲೆ ತಗ್ಗಿಸಿದೆ.

ಅವತ್ತು ಅಣ್ಣಂದಿರಿಬ್ಬರೂ ಬಂದಿದ್ದರು. ದೊಡ್ಡವರು, ಸಾವಿನ ಮನೆಯಲ್ಲಿ ಒಲೆ ಹಚ್ಚುವುದು ಬೇಡ, ಮೂರು ದಿನ ಊಟ ನಮ್ಮ ಮನೆಯಿಂದ ಬರುತ್ತದೆ ಎಂದರು. ಉಸ್ತಾದರು ದನಿ ಏರಿಸಲಿಲ್ಲ. "ಆಕಿ ಕೈಯಾಂದು ನೀವು ಒಂದ ದಿನಾನೂ ಉಂಡಿಲ್ಲ ಭಾಯಿ. ನಾ ನಿಮ್ಮದು ಹೆಂಗ ಉಣ್ಲಿ?" ಎಂದರು. ಸಂಬಂಧ ಅಲ್ಲಿಗೆ ಮುಗಿಯಿತು.

ಹಳಿಯಾಳದ ಕಾರ್ಯಕ್ರಮಕ್ಕೆ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಬಂದರು. ಶಾಲೆಯೊಂದರ ಸಭಾಂಗಣ, ನೂರು ಜನ ಇದ್ದಿರಬೇಕು. ಅರ್ಧಕ್ಕೂ ಹೆಚ್ಚು ಕುರ್ಚಿ ಖಾಲಿ. ಹಲಸಿಗೆ ಬೇಕೆಂದು ಮೋಟರನ್ನೂ ತಂದು ವೇದಿಕೆಯ ಮೇಲೆ ಇಟ್ಟಾಗ ಕೆಲವರು ನಕ್ಕರು. ಆರೂ ಹಣ್ಣುಗಳನ್ನು ಒಂದಾದ ಮೇಲೊಂದು ನಡುವೆ ನಿಲ್ಲಿಸದೆ ನುಡಿಸಿದರು. ಅಷ್ಟು ಸರಿಯಾಗಿ ಅವರು ನುಡಿಸಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಗೇರುಹಣ್ಣಿನ ಜಾಗ ಬಂದಾಗ ಮುಂದಿನ ಸಾಲಿನ ಒಬ್ಬ ಹೆಂಗಸು ತನ್ನ ಕುತ್ತಿಗೆ ಮುಟ್ಟಿಕೊಂಡಳು. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ಸಂಘಟಕರು ಹತ್ತಿರ ಬಂದು, ಇದನ್ನು ಧಾರವಾಡದಲ್ಲಿ ಮಾಡಿಸೋಣ, ರೆಕಾರ್ಡ್ ಮಾಡೋಣ ಎಂದರು.

ಉಸ್ತಾದರು ಕೈಮುಗಿದು ಬೇಡ ಎಂದರು. ವಾಪಸು ಬರುವ ದಾರಿಯಲ್ಲಿ ನಾನು ಸಿಟ್ಟು ಮಾಡಿದೆ. ಇಂಥದ್ದು ನಿಮ್ಮ ಜೊತೆಗೇ ಹೋಗಿಬಿಡಬೇಕೇನು ಎಂದು ಕೇಳಿದೆ. ಅವರು ಕಿಟಕಿಯ ಆಚೆ ನೋಡುತ್ತ ಹೇಳಿದರು: "ಜನಾ ಚಪ್ಪಾಳಿ ಹೊಡದ್ರು. ಚಲೋ ಮಂದಿ. ಆದ್ರ ಸರಿ ಐತೋ ತಪ್ಪೈತೋ ಹೇಳೋರು ಯಾರೂ ಇರಲಿಲ್ಲರಿ. ತಪ್ಪ ಅನ್ನೋರು ಇಲ್ದ ಊದೂದು ಹೆಂಗಂದ್ರ, ಎಣಸಲಾರದ ತಂತಿ ಸುತ್ತಿದಂಗ."

ಆಮೇಲೆ ಅವರು ಮೋಟರುಗಳಿಗೆ ಮರಳಿದರು. ಬ್ಯಾಂಡು ಬಿಟ್ಟರು. ಮನೆಯಲ್ಲಿ ಒಬ್ಬರೇ ನುಡಿಸುತ್ತಾರೆಂದು ಸೈಕಲ್ ಅಂಗಡಿಯ ಮುದುಕ ಹೇಳುತ್ತಿದ್ದ. ನಾನು ನಿವೃತ್ತನಾಗಿ ಹಳಿಯಾಳಕ್ಕೆ ಬಂದು ನೆಲೆಸಿದೆ. ಹೋಗಿಬರುವುದು ಕಡಿಮೆಯಾಯಿತು. ಮೊದಮೊದಲು ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ. ನನ್ನ ತಬಲಾದ ಚರ್ಮ ಸಡಿಲಾಗಿ ಒಂದು ಸುರಕ್ಕೂ ನಿಲ್ಲದಂತಾಯಿತು. ನಾನು ಅದನ್ನು ಬಿಗಿಸಲಿಲ್ಲ.

ಹೋದ ವರ್ಷ ಬೇಸಿಗೆಯ ಮಧ್ಯದಲ್ಲಿ ಒಂದು ದಿನ ಬೆಳಿಗ್ಗೆ ಅವರು ಹೇಳದೆ ಕೇಳದೆ ನನ್ನ ಮನೆಯ ಬಾಗಿಲಿಗೆ ಬಂದು ನಿಂತರು. ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ವಾದ್ಯದ ಪೆಟ್ಟಿಗೆ. ಗುರುತು ಸಿಗದಷ್ಟು ಸೊರಗಿದ್ದರು. ಮೆಟ್ಟಿಲು ಹತ್ತಿದ್ದಕ್ಕೆ ಐದು ನಿಮಿಷ ಸುಧಾರಿಸಿಕೊಳ್ಳಬೇಕಾಯಿತು. ನನ್ನ ಹೆಂಡತಿ ಕೊಟ್ಟ ನೀರು ಕುಡಿದು, "ಸಾಹೇಬ್ರ, ಒಂದ ಕೆಲಸಾ ಮಾಡ್ರಿ. ಆರೂ ಊದತೇನಿ. ಕೇಳಿ ಹೇಳ್ರಿ. ತಪ್ಪಿದ್ದಲ್ಲಿ ತಪ್ಪು ಅನ್ರಿ. ಆಕಿ ಹೇಳಿದ್ದು ನಿಮಗ ಅಷ್ಟ ಗೊತ್ತೈತಿ, ಬ್ಯಾರೆ ಯಾರಿಗೂ ಗೊತ್ತಿಲ್ಲ" ಎಂದರು.

ನಾನು ಎದುರು ಕೂತೆ. ನುಡಿಸಿದರು. ಮಾವು ತಕ್ಕಮಟ್ಟಿಗಿತ್ತು, ಆದರೆ ತೊಟ್ಟಿನ ಹುಳಿ ಇರಲಿಲ್ಲ. ಗೇರುಹಣ್ಣಿನಲ್ಲಿ ಉಸಿರು ಕಟ್ಟುವ ಜಾಗ ಬರಲೇ ಇಲ್ಲ. ಸ್ವರಗಳು ಮೆತ್ತಗೆ ಇಳಿದು ದಾಟಿ ಹೋದವು. ಕವಳಿ ಅಂಟಲಿಲ್ಲ. ಹಲಸಿಗೆ ಕೆಳಗೆ ಆಧಾರವಿರಲಿಲ್ಲ. ನೇರಳೆಯ ಒಗರು ಹೋಗಿ ಸಿಹಿ ಒಂದೇ ಉಳಿದಿತ್ತು. ಒಟ್ಟಿನಲ್ಲಿ ಎಲ್ಲವೂ ಚೆಂದವಾಗಿತ್ತು. ಹೊರಗಿನವರು ಯಾರಾದರೂ ಕೇಳಿದ್ದರೆ, ಹಳಿಯಾಳದಲ್ಲಿ ನುಡಿಸಿದ್ದಕ್ಕಿಂತ ಇದೇ ಇಂಪು ಎನ್ನುತ್ತಿದ್ದರು. ಆಕೆ ಹಟ ಹಿಡಿದು, ಎಸೆದು, ಬಡಿದು ಉಳಿಸಿಕೊಂಡಿದ್ದ ಒಂದೊಂದು ಗುಣವೂ ಅಲ್ಲಿಂದ ಹೋಗಿತ್ತು. ಉಸಿರು ಸಾಲದೆ ಹೋಯಿತೋ, ಮರೆತು ಹೋಯಿತೋ, ಬಲ್ಲವರು ಅವರೇ.

ಮುಗಿಸಿ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಕೈಬೆರಳುಗಳನ್ನು ನೋಡಿದರು. ಮುಖವನ್ನಲ್ಲ.

ಅಷ್ಟು ದೂರದಿಂದ, ಆ ಮೈಯಲ್ಲಿ ಬಸ್ಸು ಹತ್ತಿ ಬಂದ ಮನುಷ್ಯ. ಕುತ್ತಿಗೆಯ ನರಗಳು ಇನ್ನೂ ಹೊಡೆದುಕೊಳ್ಳುತ್ತಿದ್ದವು. ನಾನು ಏನು ಹೇಳಬೇಕಿತ್ತು?

"ಸರಿ ಐತಿ ಉಸ್ತಾದ್ರ," ಎಂದೆ. "ಎಲ್ಲಾ ಸರಿ ಐತಿ."

"ಎಲ್ಲಾ?"

"ಎಲ್ಲಾ."

ಅವರು ಕ್ಲಾರಿಯೊನೆಟ್ಟನ್ನು ಐದು ತುಂಡಾಗಿ ಬಿಚ್ಚಿ, ಒಂದೊಂದನ್ನೂ ಒರೆಸಿ, ಪೆಟ್ಟಿಗೆಯಲ್ಲಿ ಅದರದರ ಜಾಗಕ್ಕೆ ಇಟ್ಟರು. ಊಟಕ್ಕೆ ನಿಲ್ಲಿರಿ ಎಂದರೆ ನಿಲ್ಲಲಿಲ್ಲ. ಬಸ್ಸು ಹತ್ತಿಸಲು ಹೋದಾಗ ನನ್ನ ಭುಜದ ಮೇಲೆ ಕೈಯಿಟ್ಟು, "ನೀವು ಭಾಳ ಒಳ್ಳೇವ್ರದೀರಿ ಸಾಹೇಬ್ರ" ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಮೊನ್ನೆ ದಾಂಡೇಲಿಗೆ ಹೋದಾಗ ಅವರ ಅಂಗಡಿಯ ಬಾಗಿಲಿಗೆ ಬೀಗವಿತ್ತು. ಮಣ್ಣು ಕೊಟ್ಟ ಜಾಗ ನೋಡಿ ಬಂದು ಸೈಕಲ್ ಅಂಗಡಿಯ ಮುದುಕನ ಹತ್ತಿರ ಕೂತೆ. ಅವನು ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ.

"ನಿಮ್ಮ ಮನಿಗೆ ಬಂದು ಹೋದ ಮ್ಯಾಲ ಒಂದ ದಿನಾನೂ ಊದಲಿಲ್ಲರಿ," ಎಂದ. "ಅದಕೂ ಮೊದಲ ದಿನಾಲೂ ಮುಂಜಾನೆ ಊದಾವ್ರು. ಯಾಕ ಬಿಟ್ರಿ ಅಂತ ನಾ ಕೇಳಿದೆ. 'ಆತು, ಮುಗೀತು. ಸಾಹೇಬ್ರು ಸರಿ ಐತಿ ಅಂದ್ರು' ಅಂದ್ರು."

"ನಾ ಸುಳ್ಳು ಹೇಳಿದ್ದೆ," ಎಂದೆ.

ಮುದುಕ ಟ್ಯೂಬು ಬಿಟ್ಟು ನನ್ನನ್ನು ನೋಡಿದ. "ಅವರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವನು ಎದ್ದು ಹೋಗಿ ನನಗೆ ಚಹಾ ಹೇಳಿ ಬಂದ. ತಪ್ಪಿದೆ ಎಂದು ನಾನು ಅವತ್ತು ಒಂದು ಮಾತು ಅಂದಿದ್ದರೆ ಉಸ್ತಾದರು ಅದನ್ನು ತಿದ್ದಿ ಕೇಳಿಸಲು ಮುಂದಿನ ವಾರ ಮತ್ತೆ ಬರುತ್ತಿದ್ದರು. ಅದರ ಮುಂದಿನ ವಾರವೂ ಬರುತ್ತಿದ್ದರು.